ಹಳೇ ಸೈಕಲ್‌ಗೆ ಮೋಟಾರ್: ಕೊಡಗಿನ ಏರು ಹತ್ತುತ್ತಾ?

(ಅಂಗಳ. ಸೈಕಲ್ ತಲೆಕೆಳಗಾಗಿ ನಿಂತಿದೆ.)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದಲ್ಲಿ ಇವತ್ತು ಮಳೆ ಸ್ವಲ್ಪ ಹೊಳವಾಗಿದೆ, ಅದಕ್ಕೇ ಸೈಕಲ್ ಹೊರಗೆ ತಂದೆ. ಹಿಂದಿನ ಚಕ್ರದಲ್ಲಿ 250 ವ್ಯಾಟ್ ಹಬ್ ಮೋಟಾರ್, ಅಂದ್ರೆ ಚಕ್ರದ ನಡುವಿನ ಗುಂಬದೊಳಗೇ ಕೂರುವ ಮೋಟಾರ್, ಫ್ರೇಮ್ ಮೇಲೆ 36 ವೋಲ್ಟ್, 10 ಆಂಪ್ ಅವರ್ ಬ್ಯಾಟರಿ.

ಏರು ಹತ್ತುತ್ತದೆ, ಆದ್ರೆ ನೀವೂ ತುಳಿಯಬೇಕು. ಸೈಕಲ್ ಮತ್ತು ನೀವು ಸೇರಿ 100 ಕಿಲೋ ಅಂತಿಟ್ಕೊಳ್ಳಿ. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರ, ಅಷ್ಟು ಮೇಲೇರೋಕೆ ಬೇಕಾದ್ದು 80 ವ್ಯಾಟ್ ಅವರ್ ಚಿಲ್ಲರೆ. ಬ್ಯಾಟರಿಯಲ್ಲಿ 36 ಗುಣಿಸು 10, ಅಂದ್ರೆ 360 ವ್ಯಾಟ್ ಅವರ್ ಇದೆ. ಹಾಗಾಗಿ ಚಾರ್ಜ್ ಬಗ್ಗೆ ಹೆದರಬೇಡಿ, ಬಿಸಿಗೆ ಹೆದರಿ. ನೂರು ಅಡಿಗೆ ಹತ್ತು ಅಡಿ ಏರುವ ತೋಟದ ರಸ್ತೆಯಲ್ಲಿ ಮೋಟಾರ್ ಒಂದೇ ಎಳೆದರೆ ಗಂಟೆಗೆ 7 ಕಿಲೋಮೀಟರ್ ಬಂದರೆ ಜಾಸ್ತಿ, ಅಷ್ಟು ನಿಧಾನಕ್ಕೆ ತಿರುಗಿದರೆ ಒಳಗಿನ ತಂತಿ ಸುರುಳಿ ಸುಮ್ನೆ ಬಿಸಿಯಾಗುತ್ತಲೇ ಇರುತ್ತದೆ.

(ಕ್ಯಾಮೆರಾ ಹಿಂದಿನ ಚಕ್ರದ ಹತ್ತಿರ.)

ಈಗ ಇದನ್ನ ನೋಡಿ, ಇದೇ ಮುಖ್ಯ. ಈ ಆಕ್ಸಲ್ ಪೂರ್ತಿ ಗುಂಡಗಿಲ್ಲ, ಎರಡು ಕಡೆ ಚಪ್ಪಟೆ ಇದೆ. ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹಿಂದಕ್ಕೆ ತಿರುಗೋಕೆ ನೋಡುತ್ತದೆ. ನಾನು ಮೊದಲ ಸಲ ನಟ್ಟು ಬಿಗಿ ಮಾಡಿ ಸಾಕು ಅಂದ್ಕೊಂಡೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ, ಕಟ್ ಅಂತ ಶಬ್ದ ಬಂತು, ಆಕ್ಸಲ್ ತಿರುಗಿ ಅದರೊಳಗಿಂದ ಬರುವ ವೈರನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಬಿಟ್ಟಿತು. ಮನೆವರೆಗೂ ತಳ್ಳಿಕೊಂಡೇ ಬಂದೆ. ಈಗ ಟಾರ್ಕ್ ಆರ್ಮ್ ಹಾಕಿದ್ದೇನೆ, ಅಂದ್ರೆ ಈ ಉಕ್ಕಿನ ಪಟ್ಟಿ: ಒಂದು ತುದಿ ಆಕ್ಸಲ್ ಹಿಡಿದಿದೆ, ಇನ್ನೊಂದು ಫ್ರೇಮಿಗೆ ಬಿಗಿದಿದೆ. ಇದಿಲ್ಲದೆ ದಯವಿಟ್ಟು ಹತ್ತಬೇಡಿ.

ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಡಬ್ಬಿ ಕಂಟ್ರೋಲರ್. ಅದಕ್ಕೆ ಹೋಗುವ ವೈರ್ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನಮ್ಮ ಕಕ್ಕಡ ತಿಂಗಳ, ಅಂದ್ರೆ ಜುಲೈ-ಆಗಸ್ಟ್‌ನ ಮಳೆ ಗೊತ್ತಲ್ವಾ! ಬ್ರೇಕ್ ಡಿಸ್ಕ್ ಇದ್ದರೆ ಒಳ್ಳೇದು, ಒದ್ದೆಯಾದ ಸ್ಟೀಲ್ ರಿಮ್ಮನ್ನು ರಬ್ಬರ್ ಹಿಡಿಯೋದೇ ಇಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಸ್ವಿಚ್ಚೂ ಇರಲಿ.

ಲೈಸೆನ್ಸ್ ಬೇಕಾ ಅಂತ ಕೇಳ್ತೀರಿ. 250 ವ್ಯಾಟ್‌ಗಿಂತ ಕಡಿಮೆ ಮೋಟಾರ್, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕಿಲೋ ಮೀರದ ತೂಕ, ಜೊತೆಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇದ್ದರೆ ಅದು ಮೋಟಾರು ವಾಹನ ಅಲ್ಲ. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಒಪ್ಪಿಗೆ ಎಲ್ಲಿಂದ ಬರಬೇಕು? ನಾನು ತೋಟದೊಳಗೇ ಓಡಿಸ್ತೇನೆ.

ಅಲ್ಲೂ ಒಂದು ಮಾತು. ಇದಕ್ಕೆ ಶಬ್ದ ಇಲ್ಲ, ತಿರುವಿನ ಆಚೆ ನಿಂತ ಆನೆಗೆ ನೀವು ಬರೋದು ತಿಳಿಯೋದಿಲ್ಲ. ಸಂಜೆ ಆರರ ಮೇಲೆ ನಾನು ಗಾಡಿ ತೆಗೆಯೋದಿಲ್ಲ, ಹಗಲಲ್ಲೂ ಪ್ರತಿ ತಿರುವಿಗೆ ಬೆಲ್ ಹೊಡೀತೇನೆ.