ಫ್ರಾಂಕ್ ಫ್ರಜೆಟ್ಟಾ: ಮುಖಪುಟ ಬರೆದವರ ಹಕ್ಕು

ಸ್ನೇಹಿತರೇ,

ಲೇಖಕರ ಹೆಸರೇ ಕೇಳಿರದ ಪುಸ್ತಕವೊಂದನ್ನು ನಾವು ಅಂಗಡಿಯಲ್ಲಿ ಕೈಗೆತ್ತಿಕೊಳ್ಳುವುದು ಬಹುಮಟ್ಟಿಗೆ ಮುಖಪುಟ ನೋಡಿಯೇ. ಆ ಮುಖಪುಟ ಬರೆದವರು ಯಾರೆಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರು ಅಚ್ಚಾದರೆ ಅದೇ ದೊಡ್ಡದು. ಅಮೆರಿಕದ ಫ್ರಾಂಕ್ ಫ್ರಜೆಟ್ಟಾ ಈ ಮಾತಿಗೆ ದೊಡ್ಡ ಅಪವಾದ. ಒಳಗಿನ ಕಥೆ ಯಾವುದೆಂದು ನೋಡದೆ, ಅವರ ಚಿತ್ರವಿದೆ ಎಂದೇ ಪುಸ್ತಕ ಕೊಳ್ಳುವ ಓದುಗರಿದ್ದರು. ಅವರ ಕುಂಚದ ಬಗ್ಗೆ ಹೇಳುವುದು ಬಹಳವಿದೆ. ಆದರೆ ಇಂದು ನಾನು ಹೆಚ್ಚು ಒತ್ತು ಕೊಡುವುದು, ತಾವು ಬರೆದ ಚಿತ್ರ ತಮ್ಮದೇ ಎಂದು ಅವರು ಪಟ್ಟು ಹಿಡಿದ ಬಗೆಗೆ.

ಹುಟ್ಟಿದ್ದು 1928ರ ಫೆಬ್ರುವರಿ 9ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ. ಎಂಟನೆಯ ವಯಸ್ಸಿಗೇ ಮಿಕೆಲೆ ಫಲಾಂಗಾ ಎಂಬ ಕಲಾವಿದರ ಚಿತ್ರಶಾಲೆಗೆ ಸೇರಿದರು. ಈ ಹುಡುಗನನ್ನು ಹೆಚ್ಚಿನ ಕಲಿಕೆಗೆ ಇಟಲಿಗೆ ಕಳುಹಿಸಬೇಕೆಂದು ಗುರುಗಳಿಗೆ ಆಸೆಯಿತ್ತಂತೆ. ಅವರು 1944ರಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಗೆ, ಹದಿನಾರರ ಹರೆಯದಲ್ಲಿ, ಫ್ರಜೆಟ್ಟಾ ಅವರ ಮೊದಲ ಕಾಮಿಕ್ಸ್ ಕಥೆ ಅಚ್ಚಾಯಿತು. ಮುಂದಿನ ಹತ್ತು ವರ್ಷ ತಮಾಷೆಯ ಪ್ರಾಣಿಗಳು, ಕೌಬಾಯ್‌ಗಳು, ಕಾಡಿನ ವೀರರು ಹೀಗೆ ಸಿಕ್ಕಿದ್ದೆಲ್ಲವನ್ನೂ ಬರೆದರು.

ಆ ಕಾಲದ ಕಾಮಿಕ್ಸ್ ಉದ್ಯಮದ ರೀತಿಯನ್ನು ಸ್ವಲ್ಪ ಹೇಳಬೇಕು. ಕಲಾವಿದರಿಗೆ ಪುಟಕ್ಕೆ ಇಷ್ಟು ಎಂದು ಹಣ ಕೊಟ್ಟರೆ ಲೆಕ್ಕ ಮುಗಿಯಿತು. ಮೂಲಚಿತ್ರ ಪ್ರಕಾಶಕರ ಪಾಲು. ಅಚ್ಚಾದ ಮೇಲೆ ಅವುಗಳಲ್ಲಿ ಎಷ್ಟೋ ಕಸದ ಬುಟ್ಟಿಗೆ ಹೋದವು. ದೊಡ್ಡ ಪ್ರಕಾಶನ ಸಂಸ್ಥೆಗಳು ಮೂಲಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸುವ ಪದ್ಧತಿಗೆ ಬಂದದ್ದು 1970ರ ದಶಕದಲ್ಲಿ.

ಅದಕ್ಕೆ ಎಷ್ಟೋ ವರ್ಷ ಮೊದಲೇ ಒಂದು ಘಟನೆ ನಡೆಯಿತು. ಆಗ ಫ್ರಜೆಟ್ಟಾ ಒಂದು ಪತ್ರಿಕೆಗೆ ಬಕ್ ರೋಜರ್ಸ್ ಎಂಬ ವೈಜ್ಞಾನಿಕ ಕಥೆಗಳ ನಾಯಕನ ಮುಖಪುಟಗಳನ್ನು ಬರೆಯುತ್ತಿದ್ದರು. ಅದಕ್ಕೆಂದು ಮಾಡಿದ ಒಂದು ಚಿತ್ರದಲ್ಲಿ ಹಿಂಸೆ ಹೆಚ್ಚಾಯಿತೆಂದು ಪತ್ರಿಕೆಯವರು ತೆಗೆದುಕೊಳ್ಳಲಿಲ್ಲ. ಇ.ಸಿ. ಕಾಮಿಕ್ಸ್‌ನ ವಿಲಿಯಂ ಗೇಯ್ನ್ಸ್ ಅದನ್ನು ಮೆಚ್ಚಿಕೊಂಡರು. ಆದರೆ ಚಿತ್ರವನ್ನು ಪೂರ್ತಿಯಾಗಿ ಕೊಂಡುಕೊಳ್ಳುವುದು ಅವರ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ. ಫ್ರಜೆಟ್ಟಾ ಒಪ್ಪಲಿಲ್ಲ. ಅಚ್ಚು ಹಾಕುವ ಹಕ್ಕನ್ನು ಮಾತ್ರ ಕೊಡುತ್ತೇನೆ, ಚಿತ್ರ ನನ್ನ ಹತ್ತಿರವೇ ಇರಬೇಕು ಎಂದು ನಿಂತರು. ಕೊನೆಗೆ ಕಡಿಮೆ ಹಣಕ್ಕೆ ಒಪ್ಪಂದವಾಯಿತು, ಚಿತ್ರ 1955ರಲ್ಲಿ ಬೆಳಕು ಕಂಡಿತು. ಇನ್ನೂ ಮೂವತ್ತು ತುಂಬದ, ಕೆಲಸ ಹುಡುಕಿಕೊಂಡು ಓಡಾಡುವ ಕಲಾವಿದರೊಬ್ಬರು ಕೈಗೆ ಬರುವ ಹಣವನ್ನು ಬಿಟ್ಟು ಕಾಗದವನ್ನು ಉಳಿಸಿಕೊಂಡರು! ಇಲ್ಲಿ ಕುಳಿತಿರುವ ಯುವ ಕಲಾವಿದರು ಇದನ್ನು ಗಮನಿಸಬೇಕು. ಚಿತ್ರವನ್ನು ಬಳಸುವ ಹಕ್ಕು ಬೇರೆ, ಚಿತ್ರದ ಒಡೆತನ ಬೇರೆ. ಇಂದು ಪ್ರಕಾಶಕರು ಕೊಡುವ ಕರಾರಿನಲ್ಲಿ ಇವೆರಡೂ ಒಂದೇ ಸಾಲಿನಲ್ಲಿ ಬೆರೆತು ಬಂದರೆ, ಸಹಿ ಹಾಕುವ ಮೊದಲು ಬಿಡಿಸಿ ಬರೆಸಿಕೊಳ್ಳಿ.

ಅಷ್ಟರಲ್ಲಿ ಕಾಮಿಕ್ಸ್ ಉದ್ಯಮದ ಮೇಲೆ ದೊಡ್ಡ ಪೆಟ್ಟು ಬಿದ್ದಿತ್ತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂಬ ಗದ್ದಲದ ನಡುವೆ 1954ರಲ್ಲಿ ಪ್ರಕಾಶಕರೇ ಸೇರಿ ಕಠಿಣ ನೀತಿಸಂಹಿತೆ ತಂದರು. ಅನೇಕ ಸಂಸ್ಥೆಗಳು ಬಾಗಿಲು ಹಾಕಿದವು. ಸಂಸಾರ ನಡೆಯಬೇಕಲ್ಲ, ಫ್ರಜೆಟ್ಟಾ ಅವರು ಆಲ್ ಕ್ಯಾಪ್ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರರ ದಿನಪತ್ರಿಕೆಯ ಚಿತ್ರಮಾಲಿಕೆಗೆ ತೆರೆಮರೆಯಲ್ಲಿ ಬರೆದರು. ಸಹಿ ಕ್ಯಾಪ್ ಅವರದು. ಇದು ಸುಮಾರು ಎಂಟು ವರ್ಷ ನಡೆಯಿತು. ಸಂಪಾದನೆ ಚೆನ್ನಾಗಿತ್ತು, ಆದರೆ ಸ್ವಂತ ಶೈಲಿ ಎಲ್ಲಿಯೋ ಹುದುಗಿಹೋಯಿತು. ಅಲ್ಲಿಂದ ಹೊರಬಂದಾಗ ನಿಮ್ಮದು ಹಳೆಯ ಕಾಲದ ಚಿತ್ರ ಎಂದು ಹೇಳಿ ಕಳುಹಿಸಿದವರೂ ಇದ್ದರು.

ಕೈ ಹಿಡಿದದ್ದು ಗೆಳೆಯ ರಾಯ್ ಕ್ರೆಂಕೆಲ್. ಟಾರ್ಜಾನ್ ಖ್ಯಾತಿಯ ಎಡ್ಗರ್ ರೈಸ್ ಬರೋಸ್ ಅವರ ಕಾದಂಬರಿಗಳನ್ನು ಏಸ್ ಬುಕ್ಸ್ ಅಗ್ಗದ ಬೆಲೆಯಲ್ಲಿ ತರುತ್ತಿತ್ತು. ಅದರ ಮುಖಪುಟಗಳಿಗೆ ಕ್ರೆಂಕೆಲ್ ಇವರನ್ನೂ ಎಳೆದುಕೊಂಡರು. 1964ರಲ್ಲಿ 'ಮ್ಯಾಡ್' ಪತ್ರಿಕೆಯ ಹಿಂಬದಿ ಪುಟಕ್ಕೆ, ಶಾಂಪೂ ಜಾಹೀರಾತಿನ ಅಣಕವಾಗಿ, ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಅವರ ಚಿತ್ರ ಬರೆದರು. ಅದನ್ನು ನೋಡಿದ ಸಿನಿಮಾ ಸಂಸ್ಥೆಯೊಂದು ಪೋಸ್ಟರ್ ಬರೆಸಿತು. ಒಂದು ಮಧ್ಯಾಹ್ನದ ದುಡಿಮೆಗೆ ವರ್ಷದ ಗಳಿಕೆಯಷ್ಟು ಹಣ ಬಂತೆಂದು ಫ್ರಜೆಟ್ಟಾ ಹೇಳಿಕೊಂಡಿದ್ದಾರೆ. ಜೇಮ್ಸ್ ವಾರೆನ್ ಹೊರತರುತ್ತಿದ್ದ 'ಕ್ರೀಪಿ', 'ಈರಿ' ಎಂಬ ಭಯಾನಕ ಕಥೆಗಳ ಪತ್ರಿಕೆಗಳಿಗೆ ಬರೆದದ್ದೂ ಇದೇ ಕಾಲದಲ್ಲಿ.

ಇನ್ನು 1966. ರಾಬರ್ಟ್ ಇ. ಹೋವರ್ಡ್ 1930ರ ದಶಕದಲ್ಲಿ ಸೃಷ್ಟಿಸಿದ ಕಾನನ್ ಎಂಬ ಅನಾಗರಿಕ ವೀರನ ಕಥೆಗಳನ್ನು ಲ್ಯಾನ್ಸರ್ ಬುಕ್ಸ್ ಮತ್ತೆ ಅಚ್ಚು ಹಾಕಲು ಮುಂದಾಯಿತು. ಮೊದಲ ಸಂಪುಟದ ಮುಖಪುಟವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಹೆಣಗಳ ರಾಶಿಯ ಮೇಲೆ ಕಾನನ್ ನಿಂತಿದ್ದಾನೆ. ಕತ್ತಿಯ ಮೊನೆ ಕೆಳಗೆ ನಾಟಿದೆ, ಕೈ ಅದರ ಹಿಡಿಯ ಮೇಲಿದೆ. ಕಾಲ ಬಳಿ ಒಬ್ಬ ಹೆಣ್ಣು. ಚಿತ್ರ ತಳದಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. ನೋಟ ತಾನಾಗಿ ಆ ಮುಖಕ್ಕೆ ಏರುತ್ತದೆ. ಇಲ್ಲಿ ಯುದ್ಧ ನಡೆಯುತ್ತಿಲ್ಲ, ಮುಗಿದಿದೆ. ಹಿನ್ನೆಲೆಯಲ್ಲಿ ಊರಿಲ್ಲ, ಕೋಟೆಯಿಲ್ಲ, ತೆಳುವಾಗಿ ಹರಿಬಿಟ್ಟ ಕೆಂಪು ಕಂದು ಬಣ್ಣ ಮಾತ್ರ. ತೋಳು ಎದೆಗಳಲ್ಲಿ ಬಣ್ಣ ದಪ್ಪ, ಅಂಚಿಗೆ ಬಂದಂತೆ ಆಕೃತಿ ಮಬ್ಬಿನಲ್ಲಿ ಕರಗುತ್ತದೆ. ಎಲ್ಲವನ್ನೂ ಬಿಡಿಸಿ ಬರೆಯದೆ ನೋಡುವವರ ಕಲ್ಪನೆಗೆ ಜಾಗ ಬಿಡುವ ಈ ಎದೆಗಾರಿಕೆಯೇ ಫ್ರಜೆಟ್ಟಾ ಅವರ ದೊಡ್ಡ ಶಕ್ತಿ ಎಂದು ನಾನು ತಿಳಿದಿದ್ದೇನೆ. ಅವರನ್ನು ಅನುಕರಿಸಿದ ನೂರಾರು ಕಲಾವಿದರು ಸ್ನಾಯುಗಳನ್ನು ಕಲಿತರು, ಈ ಮಬ್ಬನ್ನು ಕಲಿಯಲಿಲ್ಲ.

ಕೊನೆಯ ಗಳಿಗೆಯವರೆಗೆ ಕೆಲಸ ಮುಂದೂಡಿ ರಾತ್ರಿಯೆಲ್ಲ ಕುಳಿತು ಮುಗಿಸುವುದು ಅವರ ರೂಢಿ. ಅಚ್ಚಾಗಿ ಮನೆಗೆ ಮರಳಿದ ಚಿತ್ರವನ್ನು ಮತ್ತೆ ತಿದ್ದುತ್ತಿದ್ದರು. 1969ರಲ್ಲಿ 'ಈರಿ' ಪತ್ರಿಕೆಯಲ್ಲಿ ಬಂದ 'ಈಜಿಪ್ಷಿಯನ್ ಕ್ವೀನ್' ಚಿತ್ರದ ರಾಣಿಯ ಮುಖ ಪತ್ರಿಕೆಯಲ್ಲಿ ಒಂದು ಬಗೆ, ಮೂಲಚಿತ್ರದಲ್ಲಿ ಇನ್ನೊಂದು ಬಗೆ. ಚಿತ್ರ ತಮ್ಮ ಕೈಯಲ್ಲೇ ಉಳಿದದ್ದರಿಂದ ಈ ತಿದ್ದುಪಡಿ ಸಾಧ್ಯವಾಯಿತು.

ಈ ಚಿತ್ರಗಳ ಒಂದು ಕೊರತೆಯನ್ನು ಮುಚ್ಚಿಡಬಾರದು. ಇವುಗಳಲ್ಲಿ ಹೆಣ್ಣು ಬಹಳ ಸಲ ವೀರನ ಕಾಲ ಬಳಿ ಇರುತ್ತಾಳೆ, ಇಲ್ಲವೇ ನೋಡುವ ಗಂಡಿನ ಕಣ್ಣಿಗೆಂದೇ ನಿಲ್ಲುತ್ತಾಳೆ. ಕಾಲದ ರುಚಿ ಎಂದು ಹೇಳಿ ಇದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಇಷ್ಟು ಬಲವಾದ ಕೈ ಆ ಹೆಂಗಸರಿಗೂ ಒಂದು ಮನಸ್ಸನ್ನು ಕೊಡಬಹುದಿತ್ತು.

ವ್ಯವಹಾರವನ್ನೆಲ್ಲ ನೋಡಿಕೊಂಡವರು 'ಎಲ್ಲಿ' (Ellie) ಎಂಬ ಹೆಸರಿನ ಅವರ ಪತ್ನಿ. ಪ್ರಕಾಶಕರೊಡನೆ ಚೌಕಾಸಿ, ಪೋಸ್ಟರ್‌ಗಳ ಮಾರಾಟ, ಮೂಲಚಿತ್ರಗಳ ಜೋಪಾನ ಎಲ್ಲವೂ ಅವರದೇ. ಒಂದೇ ಚಿತ್ರ ಹಲವು ಸಲ ದುಡಿಯುವಂತಾದದ್ದು ಹೀಗೆ. 1973ರ 'ಡೆತ್ ಡೀಲರ್', ಅಂದರೆ ಕಪ್ಪು ಕುದುರೆಯ ಮೇಲೆ ಕೊಡಲಿ ಹಿಡಿದು ಕುಳಿತ, ಮುಖ ಕಾಣದ ಯೋಧ, 1978ರಲ್ಲಿ ಮಾಲಿ ಹ್ಯಾಚೆಟ್ ಎಂಬ ರಾಕ್ ತಂಡದ ಧ್ವನಿಮುದ್ರಿಕೆಗೆ ಹೊದಿಕೆಯಾದ. ಟೆಕ್ಸಾಸ್‌ನ ಸೇನಾನೆಲೆಯೊಂದರಲ್ಲಿ ಅವನ ಪ್ರತಿಮೆಯೂ ನಿಂತಿತು.

ಮುಂದೆ ಥೈರಾಯ್ಡ್ ತೊಂದರೆ ಅವರನ್ನು ವರ್ಷಗಟ್ಟಲೆ ಕಾಡಿತು. ಪಾರ್ಶ್ವವಾಯು ಬಡಿದು ಬಲಗೈ ಸೋತಾಗ ಎಡಗೈಯಲ್ಲಿ ಬರೆಯಲು ಕಲಿತರು. 2009ರಲ್ಲಿ ಪತ್ನಿ ತೀರಿಕೊಂಡರು, 2010ರ ಮೇ 10ರಂದು ಫ್ರಜೆಟ್ಟಾ. 2019ರಲ್ಲಿ 'ಈಜಿಪ್ಷಿಯನ್ ಕ್ವೀನ್' ಹರಾಜಿನಲ್ಲಿ 54 ಲಕ್ಷ ಡಾಲರಿಗೆ ಹೋಯಿತು. 1976ರಲ್ಲಿ ಅಗ್ಗದ ಕಾದಂಬರಿಯೊಂದಕ್ಕೆ ಬಳಸಿದ್ದ 'ಡಾರ್ಕ್ ಕಿಂಗ್‌ಡಮ್' ಚಿತ್ರಕ್ಕೆ 2023ರಲ್ಲಿ 60 ಲಕ್ಷ ಡಾಲರ್ ಬಂತು. ಪೆನ್ಸಿಲ್ವೇನಿಯಾದ ಈಸ್ಟ್ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಅವರ ಚಿತ್ರಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅಚ್ಚಿನಲ್ಲಿ ಕಾಣದ ಆ ತೆಳುಬಣ್ಣದ ಪದರಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.