ರೆಫರ್ ಮಾಡಿದ ಮೇಲೆ ಏನಾಯ್ತು

ಕೇಳುಗರಿಗೆಲ್ಲ ನಮಸ್ಕಾರ. ಜುಲೈ 1ಕ್ಕೆ ಡಾಕ್ಟರ್ಸ್ ಡೇ ಇದೆ, ಏನಾದ್ರೂ ಮಾತಾಡಿ ಮೇಡಂ ಅಂತ ಆಕಾಶವಾಣಿಯೋರು ಕರೆದಾಗ ಬಿಪಿ ಶುಗರ್ ಬಗ್ಗೆ ಒಂದಿಷ್ಟು ಹೇಳಿ ಎದ್ದು ಬಂದ್ಬಿಡೋಣ ಅನ್ಕೊಂಡಿದ್ದೆ. ಆದ್ರೆ ಹೋದ ಡಿಸೆಂಬರಲ್ಲಿ ನಮ್ಮ ಎಂಬಿಬಿಎಸ್ ಬ್ಯಾಚಿನ ಗೆಟ್ ಟುಗೆದರ್ ಆಯ್ತು, ಅಲ್ಲಿ ನಡೆದಿದ್ದು ಇನ್ನೂ ತಲೇಲಿ ಕೂತಿದೆ, ಅದನ್ನೇ ಹೇಳ್ತೀನಿ.

ನಾವು 1995ರಲ್ಲಿ ಸೇರಿದೋರು. ಸಿಇಟಿ ಬರೆದು, ಫ್ರೀ ಸೀಟಾ ಪೇಮೆಂಟ್ ಸೀಟಾ ಅಂತ ಮನೆಮಂದಿಯೆಲ್ಲ ಉಸಿರು ಬಿಗಿಹಿಡ್ಕೊಂಡು ಕಾಯ್ತಿದ್ದ ಕಾಲ. ರಾತ್ರಿ ಊಟದ ಹೊತ್ತಿಗೆ ಒಬ್ಬ ಮೈಕ್ ಹಿಡ್ಕೊಂಡು ಕೇಳ್ದ, "ಪಿಯುಸಿ ರಿಸಲ್ಟ್ ದಿನಕ್ಕೆ ವಾಪಸ್ ಬಿಟ್ರೆ ಇನ್ನೊಂದ್ಸಲ ಡಾಕ್ಟರ್ ಆಗೋರು ಯಾರ್ಯಾರು, ಕೈ ಎತ್ರಪ್ಪಾ." ಅರವತ್ತು ಜನ ಇದ್ವಿ, ಇಪ್ಪತ್ತು ಕೈ ಎದ್ದಿರಬಹುದು. ಮಕ್ಕಳನ್ನ ಕಳಿಸ್ತೀರಾ ಅಂದಾಗ ಏಳೆಂಟು. ತಮಾಷೆ ಏನಂದ್ರೆ ಕೈ ಎತ್ತದೇ ಇದ್ದೋರಲ್ಲಿ ಎಷ್ಟೋ ಜನರ ಮಕ್ಕಳು ಆಗ ನೀಟ್ ಕೋಚಿಂಗಲ್ಲೇ ಇದ್ರು! 2024ರಲ್ಲಿ 23 ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಬರೆದ ಪರೀಕ್ಷೆ ಅದು, ಆ ವರ್ಷ ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇದ್ದಿದ್ದು 1 ಲಕ್ಷ ಚಿಲ್ಲರೆ.

ನಾನು ಎತ್ತಿದ್ನಾ? ಊಟದ ತಟ್ಟೆ ಕೈಯಲ್ಲಿತ್ತು ಅಂತ ತಪ್ಪಿಸ್ಕೊಂಡೆ.

ಆಮೇಲೆ ಒಂದು ಗಂಟೆ ರಾತ್ರಿ ತನಕ ಹರಟೆ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ 3, ಸೂಪರ್ ಸ್ಪೆಷಾಲಿಟಿ ಅಂದ್ರೆ ಮತ್ತೆ 3, ನಾವು ಸಂಬಳ ಅಂತ ಕಣ್ಣಲ್ಲಿ ನೋಡೋಷ್ಟರಲ್ಲಿ ಜೊತೆಗೆ ಪಿಯುಸಿ ಓದಿದ ಇಂಜಿನಿಯರ್ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಿರ್ತಾನೆ, ಅದಕ್ಕೆ ಹೋಗೋಕೂ ನಮಗೆ ರಜ ಇರಲ್ಲ. ರೆಸಿಡೆಂಟ್‌ಗಳಿಗೆ ವಾರಕ್ಕೆ 48 ಗಂಟೆ ಡ್ಯೂಟಿ ಅಂತ 1992ರಲ್ಲೇ ಕೇಂದ್ರ ಸರ್ಕಾರ ಕಾಗದದ ಮೇಲೆ ಬರೆದಿಟ್ಟಿದೆ, ನಾನು ಪಿಜಿ ಮಾಡುವಾಗ ಸೋಮವಾರ ಬೆಳಿಗ್ಗೆ ಒಳಗೆ ಹೋದ್ರೆ ಮಂಗಳವಾರ ರಾತ್ರಿನೇ ಹೊರಗೆ, 48ರಲ್ಲಿ 36 ಅಲ್ಲೇ ಮುಗೀತು. ಇದೆಲ್ಲ ಗೊಣಗಾಟ. ಗೊಣಗೋದು ಬೇರೆ, ಕೊರಗೋದು ಬೇರೆ, ಗೊಣಗೋಕೆ ಜೊತೆಗೊಬ್ಬರು ಇದ್ರೆ ಸಾಕು, ಹಗುರ ಆಗತ್ತೆ.

ಕೊರಗಿನ ಮಾತು ಬಂದಿದ್ದು ತಡವಾಗಿ. ಸ್ವಂತ ನರ್ಸಿಂಗ್ ಹೋಂ ಇಟ್ಟಿರೋ ಗೆಳೆಯ ಹೇಳ್ದ, "ಕೇಸ್ ಶೀಟ್ ಬರೀವಾಗ ಪಕ್ಕದಲ್ಲಿ ಯಾರೋ ವಕೀಲರು ಕೂತಂಗೆ ಅನ್ಸತ್ತೆ ಕಣೇ, ಪೇಷಂಟ್‌ಗೋಸ್ಕರ ಬರೀತೀನೋ ಕೋರ್ಟಿಗೋಸ್ಕರ ಬರೀತೀನೋ ಗೊತ್ತಾಗಲ್ಲ." ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಾವು ಕಾಲೇಜಿಗೆ ಸೇರಿದ 1995ರಲ್ಲೇ. ಆ ತೀರ್ಪು ಬೇಕಿತ್ತು, ನಾನು ಜನರ ಕಡೆಗೇ. ಆದ್ರೆ ಅವನ ಮುಖ ನೋಡಿ ಪಾಪ ಅನಿಸ್ತು.

ಇನ್ನೊಬ್ಬ ರೇಡಿಯಾಲಜಿಸ್ಟ್. ನಾವೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದ ಬ್ರಾಂಚ್ ಅದು, ಪಿಜಿ ಕೌನ್ಸೆಲಿಂಗಲ್ಲಿ ಟಾಪ್ ರ‍್ಯಾಂಕಿನೋರು ಮೊದ್ಲು ಎತ್ಕೊಳ್ಳೋದ್ರಲ್ಲಿ ಅದೂ ಒಂದು. ಅವನಂದ, "ದಿನಾ ಕತ್ತಲೆ ರೂಮಲ್ಲಿ ಎಪ್ಪತ್ತು ಹೊಟ್ಟೆ ನೋಡ್ತೀನಿ, ಬಸುರಿ ಸ್ಕ್ಯಾನ್ ಆದ್ರೆ ಭ್ರೂಣಲಿಂಗ ಪತ್ತೆ ತಡೆಯೋ ಕಾನೂನಿನ ಫಾರ್ಮ್ ಎಫ್ ತುಂಬಿಸ್ತೀನಿ, ಅದರಲ್ಲೊಂದು ಕಾಲಂ ಖಾಲಿ ಬಿಟ್ರೂ ಕೇಸು. ಗಡ್ಡೆ ಇದೆ ಅಂತ ರಿಪೋರ್ಟ್ ಬರೀತೀನಿ. ಆ ಗಡ್ಡೆ ಏನಾಯ್ತು, ಆ ಮನುಷ್ಯ ಏನಾದ, ಇಷ್ಟು ವರ್ಷದಲ್ಲಿ ಒಬ್ಬರೂ ಬಂದು ಹೇಳಿಲ್ಲ."

ಅವನು ಹಾಗಂದಾಗ ನನಗೆ ನನ್ನದೇ ಒಂದು ಕೇಸ್ ನೆನಪಾಯ್ತು.

2011, ಮಳೆಗಾಲ. ನಾನಾಗ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೇಲಿದ್ದೆ, ಹೆರಿಗೆ ಡಾಕ್ಟರ್ ಅಂತ ಇದ್ದಿದ್ದು ನಾನೊಬ್ಬಳೇ. ಎರಡನೇ ಹೆರಿಗೆ, ಮಗು ಚೆನ್ನಾಗೇ ಆಯ್ತು, ಮಾಸೂ ಬಿತ್ತು, ಆದ್ರೆ ಗರ್ಭಕೋಶ ಬಿಗಿಯಾಗ್ಲಿಲ್ಲ. ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗೂ ಮೇಲೆ ರಕ್ತ ಹರೀತಿರತ್ತೆ ಕಣ್ರೀ, ಹೆತ್ತ ಮೇಲೆ ಅದು ಮುಷ್ಟಿ ಥರ ಬಿಗಿದ್ರೇನೇ ನಿಲ್ಲೋದು. ಇಂಜೆಕ್ಷನ್ ಕೊಟ್ಟೆ, ಮಾತ್ರೆ ಇಟ್ಟೆ, ಕೈ ಹಾಕಿ ಒತ್ತಿ ಹಿಡಿದೆ, ಕೈ ಜೋಮು ಬಂತು. ಅನಸ್ತೇಶಿಯಾ ಡಾಕ್ಟರ್ ರಜದ ಮೇಲೆ, ನಮ್ಮಲ್ಲಿ ರಕ್ತ ಇಲ್ಲ, ಜಿಲ್ಲಾಸ್ಪತ್ರೆ ಘಾಟಿ ದಾಟಿ 70 ಕಿಲೋಮೀಟರ್. 108 ಕರೆಸಿ, ಸ್ಟಾಫ್ ನರ್ಸ್‌ನ ಜೊತೆಗೆ ಹತ್ತಿಸಿ, ರೆಫರಲ್ ಚೀಟಿ ಬರೆದು ಕಳಿಸ್ದೆ. "ಬದುಕ್ತಾಳಾ ಮೇಡಂ?" ಅಂತ ಅವಳ ಗಂಡ ಕೇಳ್ದ. ಬೇಗ ಹೊರಡಿ ಅಂದೆ, ಅಷ್ಟೇ. ಒಳಗೆ ಇನ್ನೂ ಮೂವರು ನೋವು ತಿಂತಾ ಇದ್ರು.

ಮಾರನೇ ದಿನ ಫೋನ್ ಮಾಡಿ ಕೇಳ್ಬಹುದಿತ್ತು. ಕೇಳ್ಲಿಲ್ಲ. ಅದರ ಮಾರನೇ ದಿನಾನೂ ಕೇಳ್ಲಿಲ್ಲ, ಆಮೇಲೆ ಕೇಳೋಕೆ ನಾಚಿಕೆ, ಆಮೇಲೆ ಭಯ. ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯರ ಮೀಟಿಂಗ್ ಆಗೋದು, ಆ ಊರಿನ ಆಶಾ ಎದುರಿಗೇ ಕೂತಿರೋಳು, ನಾನು ಬೇರೆ ಕಡೆ ನೋಡ್ಕೊಂಡು ಮಾತಾಡಿ ಮುಗಿಸ್ತಿದ್ದೆ. ಹೀಗೇ ಎಂಟು ತಿಂಗಳು. ಕೊನೆಗೊಂದಿನ ಅವಳೇ ಮಾತಿಗೆ ಮಾತು ಬಂದು ಅಂದ್ಲು, "ಅವ್ಳಾ ಮೇಡಂ? ಚೆನ್ನಾಗಿದಾಳೆ. ಗರ್ಭಕೋಶ ತೆಗೆದ್ರಂತೆ. ಈಗ ಅಡಿಕೆ ಸುಲಿಯೋಕೆ ಹೋಗ್ತಾಳೆ."

ಖುಷಿ ಆಗ್ಬೇಕಿತ್ತಲ್ವಾ? ನನಗಾಗಿದ್ದು ಅವಮಾನ. ಎಂಟು ತಿಂಗಳು ಆ ಹೆಂಗಸನ್ನ ನಾನು ತಲೇಲೇ ಮಣ್ಣು ಮಾಡಿಬಿಟ್ಟಿದ್ದೆ, ಅವಳು ಅಲ್ಲಿ ಅಡಿಕೆ ಸುಲೀತಾ ಇದ್ಲು.

ನಮ್ಮ ರೆಫರಲ್ ಚೀಟೀಲಿ ಕೆಳಗೊಂದು ಭಾಗ ಇರತ್ತೆ, ದೊಡ್ಡಾಸ್ಪತ್ರೆಯೋರು ತುಂಬಿ ವಾಪಸ್ ಕಳಿಸ್ಬೇಕು. ನನಗೆ ವಾಪಸ್ ಬಂದಿರೋದು ಒಂದು ಕೈ ಬೆರಳಲ್ಲಿ ಎಣಿಸ್ಬಹುದು. ಅವರನ್ನ ಬೈಯಲ್ಲ, ಅವರಿಗೂ ಅದೇ ಗತಿ. ಅದಕ್ಕೇ ನಾನೇ ಒಂದು 200 ಪೇಜಿನ ಲಾಂಗ್ ನೋಟ್‌ಬುಕ್ ತಂದೆ. ಕಳಿಸಿದ ಪ್ರತಿ ಕೇಸಿಗೂ ಹೆಸರು, ತಾಯಿ ಕಾರ್ಡ್ ನಂಬರ್, ಮನೆಯೋರ ಫೋನ್. ಮಾರನೇ ದಿನ ಓಪಿಡಿ ಮುಗಿದ ಮೇಲೆ ಫೋನ್. ಮೂರನೇ ಪೇಜಲ್ಲೇ ಒಂದು ಸಾವಿದೆ. ಅವಳ ಅತ್ತೆ ಹತ್ತು ನಿಮಿಷ ಬೈದ್ರು, ಕೇಳ್ಕೊಂಡೆ, ಕೆಲವು ಮಾತು ನಿಜಾನೇ ಇತ್ತು. ವಿಚಿತ್ರ ಅಂದ್ರೆ ಆವತ್ತು ರಾತ್ರಿ ನಿದ್ದೆ ಬಂತು.

ಈಗ ನಾಲ್ಕನೇ ನೋಟ್‌ಬುಕ್ ನಡೀತಿದೆ. ಸಂಬಳ ಹೆಚ್ಚಿಲ್ಲ, ನೈಟ್ ಡ್ಯೂಟಿ ಕಮ್ಮಿ ಆಗಿಲ್ಲ, ಪೋರ್ಟಲ್‌ಗೆ ಎಂಟ್ರಿ ಮಾಡೋ ಕೆಲಸ ಅಂತೂ ಡಬಲ್ ಆಗಿದೆ, ಆದ್ರೂ ಬೆಳಿಗ್ಗೆ ಆಸ್ಪತ್ರೆ ಗೇಟ್ ಹತ್ರ ಎದೆ ಭಾರ ಅನ್ಸೋದು ನಿಂತಿದೆ. ಇವತ್ತಿನ ದಿನ ಯಾರ ಹೆಸರಲ್ಲಿದೆಯೋ ಆ ಬಿ.ಸಿ. ರಾಯ್, 1882ರ ಜುಲೈ 1ಕ್ಕೆ ಹುಟ್ಟಿ 1962ರ ಜುಲೈ 1ಕ್ಕೇ ತೀರ್ಕೊಂಡೋರು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಆದ್ಮೇಲೂ ರೋಗಿಗಳನ್ನ ನೋಡೋದು ಬಿಡ್ಲಿಲ್ಲ. ಓದುವಾಗ ಅದನ್ನ ದೊಡ್ಡ ತ್ಯಾಗ ಅನ್ಕೊಂಡಿದ್ದೆ. ಈಗ ನನಗೇನೋ ಅದು ಅವರ ಆಸೆ ಅನ್ಸತ್ತೆ, ಕಡತ ನೋಡಿ ನೋಡಿ ಸಾಕಾಗಿ, ನಿನ್ನೆ ಔಷಧಿ ಕೊಟ್ಟವನ ಮುಖ ಇವತ್ತು ನೋಡೋ ಆಸೆ.

ರೇಡಿಯಾಲಜಿಸ್ಟ್‌ಗೆ ನೋಟ್‌ಬುಕ್ ವಿಷಯ ಹೇಳ್ದೆ. ಸುಮ್ನೆ ಕೂತಿದ್ದು ಆಮೇಲೆ ಅಂದ, "ನಿನ್ನ ಪೇಷಂಟ್ ಯಾರಾದ್ರೂ ನನ್ನ ಹತ್ರ ಸ್ಕ್ಯಾನಿಗೆ ಬಂದಿದ್ರೆ ನನಗೂ ಒಂದು ಫೋನ್ ಮಾಡೇ ಮಾರಾಯ್ತಿ."

ಈ ರೆಕಾರ್ಡಿಂಗಿಗೆ ಹೊರಡೋ ಮುಂಚೆ ಎರಡು ನಂಬರ್ ಟ್ರೈ ಮಾಡ್ದೆ. ಒಂದು ಕಡೆ ತೆಗೆದ್ರು, ಮಗು ಇನ್ನೂ ಎಳೆ ಮಕ್ಕಳ ಐಸಿಯುನಲ್ಲಿದೆ, ಹಾಲು ಕುಡೀತಿದೆಯಂತೆ. ಇನ್ನೊಂದು ಸ್ವಿಚ್ ಆಫ್. ಸಂಜೆ ಮತ್ತೆ ಮಾಡ್ಬೇಕು. ನಮಸ್ಕಾರ.