ಐವತ್ತೊಂಬತ್ತು ಗೋಲುಗಳಾದ ಮೇಲೆ ಮಾಲ್ಡೀವ್ಸ್

ಕೇಳುಗರೆಲ್ಲರಿಗೂ ನಮಸ್ಕಾರ.

1997ರ ಜೂನ್ ತಿಂಗಳಿನಲ್ಲಿ ಸಿರಿಯಾದ ರಾಜಧಾನಿ ದಮಾಸ್ಕಸ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಸುತ್ತಿನ ಫುಟ್‌ಬಾಲ್ ಪಂದ್ಯವೊಂದರಲ್ಲಿ ಇರಾನ್ ತಂಡವು ಮಾಲ್ಡೀವ್ಸ್ ತಂಡವನ್ನು 17-0 ಗೋಲುಗಳಿಂದ ಸೋಲಿಸಿತು. ಇರಾನಿನ ಕರೀಮ್ ಬಗೇರಿ ಒಬ್ಬರೇ 7 ಗೋಲು ಹೊಡೆದರು. ಅದೇ ಗುಂಪಿನಲ್ಲಿ ಸಿರಿಯಾ ತಂಡವು ಎರಡು ಪಂದ್ಯಗಳಲ್ಲೂ ಹನ್ನೆರಡು ಹನ್ನೆರಡು ಗೋಲುಗಳನ್ನು ಹೊಡೆದಿತ್ತು, ಕಿರ್ಗಿಸ್ತಾನವೂ ಎರಡು ಸಲ ಸುಲಭವಾಗಿ ಗೆದ್ದಿತ್ತು. ಆರು ಪಂದ್ಯಗಳು ಮುಗಿಯುವ ಹೊತ್ತಿಗೆ ಮಾಲ್ಡೀವ್ಸ್ ಬಿಟ್ಟುಕೊಟ್ಟ ಗೋಲುಗಳು 59, ಹೊಡೆದ ಗೋಲು ಒಂದೂ ಇಲ್ಲ. ಅವುಗಳಲ್ಲಿ ಒಂದು ಪಂದ್ಯವೂ ತಮ್ಮ ನೆಲದಲ್ಲಿ, ತಮ್ಮ ಜನರ ಮುಂದೆ ನಡೆದಿರಲಿಲ್ಲ. ಹೊಡೆತ ಕೊಟ್ಟ ಇರಾನ್ ಸಾಮಾನ್ಯ ತಂಡವೇನೂ ಆಗಿರಲಿಲ್ಲ, ಮರುವರ್ಷ ಫ್ರಾನ್ಸಿನ ವಿಶ್ವಕಪ್‌ನಲ್ಲಿ ಅದು ಅಮೆರಿಕವನ್ನು ಸೋಲಿಸಿತು. ಆದರೆ ಹದಿನೇಳು ಗೋಲು ಬಿಟ್ಟುಕೊಟ್ಟು ಮೈದಾನದಿಂದ ಹೊರನಡೆಯುವ ಆಟಗಾರನಿಗೆ ಆ ವಿವರ ಸಮಾಧಾನ ತರುತ್ತದೆಂದು ನಾನು ನಂಬುವುದಿಲ್ಲ.

ಇದಾಗಿ ಏಳು ವರ್ಷ ತುಂಬುವ ಮೊದಲೇ, 2004ರ ಮಾರ್ಚ್ 31ರಂದು, ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಇನ್ನೊಂದು ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. ಎದುರಾಳಿ ದಕ್ಷಿಣ ಕೊರಿಯಾ. ಎರಡು ವರ್ಷಗಳ ಹಿಂದಷ್ಟೇ ವಿಶ್ವಕಪ್‌ನ ಸೆಮಿಫೈನಲ್‌ವರೆಗೆ ಹೋಗಿದ್ದ ಆ ತಂಡಕ್ಕೆ ತೊಂಬತ್ತು ನಿಮಿಷಗಳಲ್ಲಿ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. ಪಂದ್ಯ 0-0ಯಲ್ಲಿ ಮುಗಿಯಿತು, ಅದಾದ ಕೆಲವೇ ದಿನಗಳಲ್ಲಿ ಕೊರಿಯಾದ ಪೋರ್ಚುಗೀಸ್ ತರಬೇತುದಾರ ಉಂಬೆರ್ಟೊ ಕೊಯೆಲ್ಯೊ ತಮ್ಮ ಹುದ್ದೆಯಿಂದ ಇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಸೋಲ್ ನಗರದಲ್ಲಿ ನಡೆದ ಮರುಪಂದ್ಯದಲ್ಲೂ ಮಾಲ್ಡೀವ್ಸ್ ಸೋತದ್ದು ಎರಡೇ ಗೋಲುಗಳಿಂದ. ಈ ಏಳು ವರ್ಷಗಳಲ್ಲಿ ಆದದ್ದಾದರೂ ಏನು, ಒಂದು ಪುಟ್ಟ ದ್ವೀಪರಾಷ್ಟ್ರ ತನ್ನ ತಂಡವನ್ನು ಹೇಗೆ ಕಟ್ಟಿಕೊಂಡಿತು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಮಂಗಳೂರಿನ ಹಳೆಯ ಬಂದರಿನಿಂದ ಸರಕು ಹೊತ್ತು ಹೋಗುವ ಹಡಗುಗಳು ಲಕ್ಷದ್ವೀಪವನ್ನು ಮುಟ್ಟುತ್ತವೆ. ಆ ದ್ವೀಪಗಳ ದಕ್ಷಿಣದ ತುದಿ ಮಿನಿಕಾಯ್. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಭೂಮಧ್ಯರೇಖೆಯನ್ನು ದಾಟಿ ಅಡ್ಡು ಹವಳದ್ವೀಪದವರೆಗೆ, ಎಂಟುನೂರು ಕಿಲೋಮೀಟರಿಗೂ ಉದ್ದಕ್ಕೆ ಚದುರಿಕೊಂಡಿರುವ ಸುಮಾರು 1,200 ದ್ವೀಪಗಳೇ ಮಾಲ್ಡೀವ್ಸ್. ಇವುಗಳಲ್ಲಿ ಜನರು ಊರು ಕಟ್ಟಿಕೊಂಡು ಬಾಳುತ್ತಿರುವವು ಇನ್ನೂರಕ್ಕಿಂತ ಕಡಿಮೆ. ಎಲ್ಲ ದ್ವೀಪಗಳ ನೆಲವನ್ನು ಒಟ್ಟು ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್ ಆದೀತು. ಅಲ್ಲಿ ದುಡಿಯಲು ಬಂದಿರುವ ಹೊರದೇಶದವರನ್ನೂ ಸೇರಿಸಿ ಜನಸಂಖ್ಯೆ ಐದು ಲಕ್ಷದ ಆಸುಪಾಸು.

ಫುಟ್‌ಬಾಲ್ ಮೈದಾನಕ್ಕೆ ಎಷ್ಟು ಜಾಗ ಬೇಕೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ, ಮಾಲೆಯಲ್ಲಿ ಯೋಚಿಸಲೇಬೇಕಾಗುತ್ತದೆ. ಅಂತರರಾಷ್ಟ್ರೀಯ ಪಂದ್ಯದ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ 7,140 ಚದರ ಮೀಟರ್. ಮಾಲೆ ದ್ವೀಪದ ವಿಸ್ತಾರವೇ ಸುಮಾರು 2 ಚದರ ಕಿಲೋಮೀಟರ್. ಪ್ರೇಕ್ಷಕರ ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಲಕ್ಷಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಬದುಕುವ ರಾಜಧಾನಿಯ ನೆಲದಲ್ಲಿ ಹೆಚ್ಚುಕಡಿಮೆ ಇನ್ನೂರೆಂಬತ್ತರಲ್ಲಿ ಒಂದು ಪಾಲನ್ನು ಚೆಂಡಾಟದ ಒಂದೇ ಒಂದು ಅಂಗಳಕ್ಕಾಗಿ ಬಿಟ್ಟುಕೊಟ್ಟಿದ್ದಾರೆ. ಮನೆ ಕಟ್ಟಲು ನೆಲ ಸಾಲದೆ ಸಮುದ್ರವನ್ನು ತುಂಬಿಸಿ ಪಕ್ಕದಲ್ಲಿ ಹುಲುಮಾಲೆ ಎಂಬ ಹೊಸ ದ್ವೀಪವನ್ನೇ ನಿರ್ಮಿಸಿಕೊಂಡ ಜನ ಅವರು. ಅಂಥವರು ಗಲೊಳು ಬಡಾವಣೆಯ ನಡುವಿನ ಆ ಕ್ರೀಡಾಂಗಣವನ್ನು ಉಳಿಸಿಕೊಂಡಿರುವುದನ್ನು ನೋಡಿದರೆ, ಈ ಆಟ ಅವರಿಗೆ ಎಷ್ಟು ಬೇಕಾದದ್ದು ಎಂಬುದು ತಿಳಿಯುತ್ತದೆ.

ತಂಡದ ಇತಿಹಾಸ ದೊಡ್ಡದಲ್ಲ. 1979ರಲ್ಲಿ ರಿಯೂನಿಯನ್ ದ್ವೀಪದಲ್ಲಿ ನಡೆದ ಹಿಂದೂ ಮಹಾಸಾಗರ ದ್ವೀಪಗಳ ಕ್ರೀಡಾಕೂಟದಲ್ಲಿ ಮಾಲ್ಡೀವ್ಸ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿತು ಮತ್ತು ಸೇಶೆಲ್ಸ್‌ಗೆ 0-9ರಿಂದ ಸೋತಿತು. 1982ರಲ್ಲಿ ಫುಟ್‌ಬಾಲ್ ಸಂಸ್ಥೆ ಹುಟ್ಟಿತು, 1986ರಲ್ಲಿ ಫಿಫಾ ಸದಸ್ಯತ್ವ ದೊರೆಯಿತು. ನ್ಯೂ ರೇಡಿಯಂಟ್, ವಿಕ್ಟರಿ, ವೇಲೆನ್ಸಿಯಾ, ಆಮೇಲೆ ಮಾಜಿಯಾ, ಹೀಗೆ ರಾಜಧಾನಿಯ ಕ್ಲಬ್‌ಗಳ ನಡುವಿನ ಪೈಪೋಟಿಯೇ ಅಲ್ಲಿಯ ಆಟಕ್ಕೆ ಜೀವ ತುಂಬಿತು. ಇಲ್ಲಿ ಚಿಕ್ಕತನವೇ ಒಂದು ಅನುಕೂಲವಾಯಿತೆಂಬುದು ನನ್ನ ಅಭಿಪ್ರಾಯ. ಕ್ಲಬ್‌ಗಳೆಲ್ಲ ಒಂದೇ ಊರಿನವು, ಪಂದ್ಯಗಳು ನಡೆಯುವುದು ಒಂದೇ ಕ್ರೀಡಾಂಗಣದಲ್ಲಿ, ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗುವ ಹುಡುಗರು ವರ್ಷವಿಡೀ ಒಬ್ಬರೊಡನೆ ಇನ್ನೊಬ್ಬರು ಅಥವಾ ಒಬ್ಬರೆದುರು ಇನ್ನೊಬ್ಬರು ಆಡುತ್ತಲೇ ಇರುವವರು. ಯಾರು ಯಾವ ಕಾಲಿಗೆ ಚೆಂಡು ಬಯಸುತ್ತಾನೆ, ಯಾರು ಎತ್ತ ಓಡುತ್ತಾನೆ ಎಂಬುದನ್ನು ಅವರಿಗೆ ಶಿಬಿರದಲ್ಲಿ ಕಲಿಸಬೇಕಾಗಿಲ್ಲ. ದೊಡ್ಡ ದೇಶಗಳ ತರಬೇತುದಾರರು ಈ ಹೊಂದಾಣಿಕೆಗಾಗಿ ವಾರಗಟ್ಟಲೆ ಶ್ರಮಿಸುತ್ತಾರೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅಡ್ಡುವಿನಲ್ಲಿ ಹುಟ್ಟಿದ ಪ್ರತಿಭಾವಂತ ಹುಡುಗ ಐನೂರು ಕಿಲೋಮೀಟರಿಗೂ ಹೆಚ್ಚಿನ ಸಮುದ್ರವನ್ನು ದಾಟಿ ಮಾಲೆಗೆ ಬಂದು ನೆಲೆಸದ ಹೊರತು ದೊಡ್ಡ ಲೀಗಿನಲ್ಲಿ ಆಡುವುದು ಬಹಳ ಕಷ್ಟ.

ಆದರೆ ಬರೀ ಲೀಗಿನಿಂದ ರಾಷ್ಟ್ರೀಯ ತಂಡ ಬೆಳೆಯುವುದಿಲ್ಲ, ಅದಕ್ಕೆ ತನ್ನ ಅಳತೆಯ ಎದುರಾಳಿಗಳು ಬೇಕು. ಅಂಥ ಎದುರಾಳಿಗಳನ್ನು ಒದಗಿಸಿದ್ದು ದಕ್ಷಿಣ ಏಷ್ಯಾದ ರಾಷ್ಟ್ರಗಳ ಪಂದ್ಯಾವಳಿ, ನಾವು ಸ್ಯಾಫ್ ಚಾಂಪಿಯನ್‌ಷಿಪ್ ಎಂದು ಕರೆಯುವ ಪಂದ್ಯಾವಳಿ. ವಿಶ್ವಕಪ್ ನೋಡಿ ಅಭ್ಯಾಸವಾದವರು ಇದನ್ನು ಹಗುರವಾಗಿ ಕಾಣುವುದುಂಟು, ನನಗೆ ಆ ಧೋರಣೆ ಸರಿ ಎನಿಸುವುದಿಲ್ಲ. ಆ 59 ಗೋಲುಗಳ ಕಥೆ ನಡೆದ ಅದೇ 1997ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಮಾಲ್ಡೀವ್ಸ್ ಕಠ್ಮಂಡುವಿನಲ್ಲಿ ಈ ಪಂದ್ಯಾವಳಿಯ ಫೈನಲ್ ತಲುಪಿತು. ಅಲ್ಲಿ ಭಾರತಕ್ಕೆ 1-5ರಿಂದ ಸೋತರೂ ಫೈನಲ್ ಆಡಿದ ಅನುಭವ ಅವರಿಗೆ ದಕ್ಕಿತು. ಇರಾನ್ ಮತ್ತು ಸಿರಿಯಾಗಳ ಎದುರಿನ ಆಟವಷ್ಟೇ ಅವರ ಪಾಲಿಗಿದ್ದಿದ್ದರೆ ಆ ತಲೆಮಾರಿನ ಆಟಗಾರರು ಮತ್ತೆ ಬೂಟು ಕಟ್ಟುತ್ತಿದ್ದರೋ ಇಲ್ಲವೋ. 2003ರಲ್ಲಿ ಢಾಕಾದ ಫೈನಲ್‌ನಲ್ಲಿ ಬಾಂಗ್ಲಾದೇಶದ ಎದುರು 1-1ರ ಸಮಬಲ ಸಾಧಿಸಿ ಪೆನಾಲ್ಟಿ ಒದೆತಗಳಲ್ಲಿ ಸೋತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯವೊಂದರಲ್ಲಿ ಮಂಗೋಲಿಯಾ ವಿರುದ್ಧ 12 ಗೋಲು ಹೊಡೆದರು. ಸಿರಿಯಾದ ಕೈಯಲ್ಲಿ ತಾವು ತಿಂದಷ್ಟೇ ಗೋಲುಗಳನ್ನು ಈಗ ತಾವೇ ಹೊಡೆಯುವ ಸ್ಥಿತಿಗೆ ಬಂದಿದ್ದರು. ಕೊರಿಯಾವನ್ನು ತಡೆದು ನಿಲ್ಲಿಸಿದ ಪಂದ್ಯ ಇದರ ಬೆನ್ನಿಗೇ ಬಂದದ್ದು.

2008ರ ಸ್ಯಾಫ್ ಪಂದ್ಯಾವಳಿಯನ್ನು ಮಾಲ್ಡೀವ್ಸ್ ಮತ್ತು ಶ್ರೀಲಂಕಾ ಜೊತೆಯಾಗಿ ನಡೆಸಿದವು. ಆಗ ತಂಡದ ಹೊಣೆ ಸ್ಲೊವಾಕಿಯಾದ ಯೋಜೆಫ್ ಯಾಂಕೆಚ್ ಅವರದು. ಕೊಲಂಬೊದಲ್ಲಿ ನಡೆದ ಫೈನಲ್‌ನಲ್ಲಿ ಎದುರಿಗಿದ್ದದ್ದು ಭಾರತ. ಗೋಲಿಲ್ಲದೆ ಸಾಗುತ್ತಿದ್ದ ಆಟ ಇನ್ನೇನು ಮುಗಿಯಿತು ಎನ್ನುವಾಗ ಮುಖ್ತಾರ್ ನಸೀರ್ ಹೊಡೆದ ಗೋಲಿನಿಂದ ಮಾಲ್ಡೀವ್ಸ್ ಮೊದಲ ಬಾರಿಗೆ ದಕ್ಷಿಣ ಏಷ್ಯಾದ ಚಾಂಪಿಯನ್ ಆಯಿತು. ಮರುವರ್ಷ ಢಾಕಾದಲ್ಲಿ ಅವೇ ಎರಡು ದೇಶಗಳು ಮತ್ತೆ ಫೈನಲ್‌ನಲ್ಲಿ ಎದುರಾದವು. ಆಗ ಭಾರತ ಪೆನಾಲ್ಟಿಗಳಲ್ಲಿ ಗೆದ್ದಿತು.

ಈ ಕಾಲದ ತಂಡದ ಬಗ್ಗೆ ಮಾತನಾಡುವಾಗ ಅಲಿ ಅಶ್ಫಾಕ್ ಅವರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ದೇಶಕ್ಕಾಗಿ ಐವತ್ತಕ್ಕೂ ಹೆಚ್ಚು ಗೋಲು ಹೊಡೆದಿರುವ ಮುಂಚೂಣಿ ಆಟಗಾರ ಅವರು. 2013ರ ಸ್ಯಾಫ್ ಪಂದ್ಯಾವಳಿಯಲ್ಲಿ ಶ್ರೀಲಂಕಾವನ್ನು 10-0ಯಿಂದ ಸೋಲಿಸಿದ ಪಂದ್ಯದಲ್ಲಿ ಅವರೊಬ್ಬರೇ 6 ಗೋಲು ಹೊಡೆದರು, ಆ ಪಂದ್ಯಾವಳಿಯಲ್ಲಿ ಅವರ ಒಟ್ಟು ಗೋಲುಗಳು 10. ಭಾರತಕ್ಕೆ ಸುನಿಲ್ ಛೆಟ್ರಿ ಹೇಗೋ ಮಾಲ್ಡೀವ್ಸ್‌ಗೆ ಅಶ್ಫಾಕ್ ಹಾಗೆ. ಮಲೇಷ್ಯಾದ ಕ್ಲಬ್‌ಗೂ ಅವರು ಆಡಿದರು. ಮಾಲೆಯ ಓಣಿಗಳಲ್ಲಿ ಬೆಳೆದ ಹುಡುಗ ಹೊರದೇಶದಲ್ಲಿ ಆಟದಿಂದಲೇ ಜೀವನ ಕಟ್ಟಿಕೊಳ್ಳಬಹುದೆಂದು ತೋರಿಸಿಕೊಟ್ಟದ್ದನ್ನು ಗೋಲುಗಳ ಪಟ್ಟಿಗಿಂತ ನಾನು ದೊಡ್ಡದೆಂದು ಎಣಿಸುತ್ತೇನೆ.

ಆದರೆ ಮಾಲ್ಡೀವ್ಸ್‌ನ ಎರಡನೆಯ ಪ್ರಶಸ್ತಿ ಬಂದಾಗ ಅಶ್ಫಾಕ್ ತಂಡದಲ್ಲಿ ಇರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ಆ ಪಂದ್ಯಾವಳಿಗೆ ತರಬೇತುದಾರ ಪೆಟಾರ್ ಸೆಗರ್ಟ್ ಅಶ್ಫಾಕ್‌ರನ್ನು ಬಿಟ್ಟೇ ತಂಡವನ್ನು ಕರೆತಂದಿದ್ದರು. ಗುಂಪಿನಲ್ಲಿ ಇದ್ದದ್ದು ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಮೂರೇ ತಂಡಗಳು. ಮಾಲ್ಡೀವ್ಸ್ ಮತ್ತು ಶ್ರೀಲಂಕಾ ನಡುವಿನ ಪಂದ್ಯ ಗೋಲಿಲ್ಲದೆ ಮುಗಿಯಿತು, ಇಬ್ಬರೂ ಭಾರತಕ್ಕೆ 0-2ರಿಂದಲೇ ಸೋತರು. ಅಂಕವೂ ಸಮ, ಹೊಡೆದ ಗೋಲೂ ಸಮ, ಬಿಟ್ಟುಕೊಟ್ಟ ಗೋಲೂ ಸಮ. ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನಿಸಬೇಕಾಯಿತು, ನಾಣ್ಯ ಮಾಲ್ಡೀವ್ಸ್ ಕಡೆಗೆ ಬಿತ್ತು. ಹೀಗೆ ಒಂದೂ ಗೋಲು ಹೊಡೆಯದೆ, ಒಂದೂ ಪಂದ್ಯ ಗೆಲ್ಲದೆ ಸೆಮಿಫೈನಲ್‌ಗೆ ಬಂದ ತಂಡ, ಅಲ್ಲಿ ನೇಪಾಳವನ್ನು 3-0ಯಿಂದ ಸೋಲಿಸಿತು. ಫೈನಲ್‌ನಲ್ಲಿ ಮತ್ತೆ ಭಾರತ. ಇಬ್ರಾಹಿಂ ಮಹುದೀ ಹುಸೇನ್ ಮತ್ತು ಅಲಿ ಫಾಸಿರ್ ಗೋಲು ಹೊಡೆದರು, ಭಾರತದ ಸುಮೀತ್ ಪಾಸಿ ಕೊನೆಯ ಕ್ಷಣಗಳಲ್ಲಿ ಒಂದು ಗೋಲು ಹಿಂದಿರುಗಿಸಿದರು, 2-1ರಲ್ಲಿ ಕಪ್ ಮಾಲೆಗೆ ಹೋಯಿತು. ಭಾರತ ಆ ಬಾರಿ ಕಳಿಸಿದ್ದು ಬಹುಪಾಲು 23ರ ಒಳಗಿನ ಹುಡುಗರ ತಂಡವನ್ನು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಹಾಗೆಂದು ಗೆದ್ದವರ ಶ್ರಮವನ್ನು ಕಡಿಮೆ ಮಾಡಿ ನೋಡಬೇಕಾಗಿಲ್ಲ, ಏಕೆಂದರೆ ಭಾರತ ಮತ್ತು ಮಾಲ್ಡೀವ್ಸ್ ಈ ಪಂದ್ಯಾವಳಿಯ ಫೈನಲ್‌ನಲ್ಲಿ ನಾಲ್ಕು ಸಲ ಎದುರಾಗಿದ್ದು, ಇಬ್ಬರೂ ಎರಡೆರಡು ಸಲ ಗೆದ್ದಿದ್ದಾರೆ. ನೂರ ನಲವತ್ತು ಕೋಟಿ ಜನರ ದೇಶದೆದುರು ಈ ಲೆಕ್ಕವನ್ನು ಇಟ್ಟುಕೊಂಡಿರುವುದು ಸಣ್ಣ ಸಂಗತಿಯಲ್ಲ.

ಇತ್ತೀಚಿನ ವರ್ಷಗಳಲ್ಲಿ ಚಿಕ್ಕ ದ್ವೀಪಗಳ ತಂಡಗಳು ಜಗತ್ತಿನ ಗಮನ ಸೆಳೆದಿವೆ. ಐಸ್‌ಲ್ಯಾಂಡ್ 2018ರ ವಿಶ್ವಕಪ್‌ನಲ್ಲಿ ಆಡಿತು. ಕೇಪ್ ವರ್ಡೆ ಮತ್ತು ಕುರಸಾವ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದವು. ಅವರಿಗೆ ಸಾಧ್ಯವಾದದ್ದು ಮಾಲ್ಡೀವ್ಸ್‌ಗೆ ಏಕೆ ಆಗಲಿಲ್ಲ ಎಂದು ಕೇಳುವವರಿದ್ದಾರೆ. ಕುರಸಾವ್ ತಂಡದ ಬಹುತೇಕ ಆಟಗಾರರು ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, ಅಲ್ಲಿಯ ಕ್ಲಬ್‌ಗಳಲ್ಲಿ ಕಲಿತವರು. ಕೇಪ್ ವರ್ಡೆಗೂ ಪೋರ್ಚುಗಲ್ ಮುಂತಾದ ದೇಶಗಳಲ್ಲಿ ನೆಲೆಸಿರುವ ತನ್ನ ಜನರ ಮಕ್ಕಳು ಸಿಗುತ್ತಾರೆ. ಐಸ್‌ಲ್ಯಾಂಡ್‌ಗೆ ಜನ ಕಡಿಮೆಯಾದರೂ ನೆಲ ಧಾರಾಳವಾಗಿದೆ, ಚಳಿಗಾಲದಲ್ಲೂ ಆಡಲು ಸೂರಿನ ಕೆಳಗೆ ಪೂರ್ಣ ಅಳತೆಯ ಮೈದಾನಗಳನ್ನು ಕಟ್ಟಿಕೊಂಡಿದ್ದಾರೆ. ಮಾಲ್ಡೀವ್ಸ್‌ಗೆ ಯೂರೋಪಿನಲ್ಲಿ ಬೆಳೆದ ಮಕ್ಕಳಿಲ್ಲ, ಮೈದಾನ ಹರಡಲು ನೆಲವೂ ಇಲ್ಲ. ತಮ್ಮ ದ್ವೀಪಗಳಲ್ಲೇ ಹುಟ್ಟಿ, ಅಲ್ಲೇ ಆಟ ಕಲಿತ ಹುಡುಗರನ್ನೇ ಅವರು ನೆಚ್ಚಿಕೊಳ್ಳಬೇಕು.

ಬೆಂಗಳೂರಿನ ಫುಟ್‌ಬಾಲ್ ಪ್ರಿಯರಿಗೆ ಮಾಲೆಯ ಆಟಗಾರರು ಅಪರಿಚಿತರಲ್ಲ. ಏಷ್ಯಾದ ಕ್ಲಬ್‌ಗಳ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡವು 2015 ಮತ್ತು 2017ರಲ್ಲಿ ಮಾಜಿಯಾವನ್ನು, 2018ರಲ್ಲಿ ನ್ಯೂ ರೇಡಿಯಂಟ್ ತಂಡವನ್ನು ಎದುರಿಸಿತ್ತು. 2023ರ ಜೂನ್ ಮತ್ತು ಜುಲೈನಲ್ಲಿ ಸ್ಯಾಫ್ ಪಂದ್ಯಾವಳಿ ನಮ್ಮ ಶ್ರೀ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. ಮಾಲ್ಡೀವ್ಸ್ ಭೂತಾನನ್ನು 2-0ಯಿಂದ ಸೋಲಿಸಿ ಶುಭಾರಂಭ ಮಾಡಿತು. ಬಾಂಗ್ಲಾದೇಶದ ವಿರುದ್ಧ ಹಮ್ಜಾ ಮೊಹಮದ್ ಅವರ ಗೋಲಿನಿಂದ ಮೊದಲು ಮುನ್ನಡೆದದ್ದೂ ಅವರೇ, ಆದರೆ ಆ ಮುನ್ನಡೆಯನ್ನು ಕಾಯ್ದುಕೊಳ್ಳಲಾಗದೆ 1-3ರಿಂದ ಸೋತರು. ಅತಿಥಿಯಾಗಿ ಬಂದಿದ್ದ ಲೆಬನಾನ್ ಎದುರು ಒಂದೇ ಗೋಲಿನ ಅಂತರದಿಂದ ಸೋತು, ಗುಂಪಿನ ಹಂತದಲ್ಲೇ ಹೊರಬಿದ್ದರು.

ಅದರ ನಂತರದ ದಿನಗಳು ಅವರಿಗೆ ಇನ್ನೂ ಕಠಿಣವಾದವು. ಫುಟ್‌ಬಾಲ್ ಸಂಸ್ಥೆಯ ಆಡಳಿತ ಬಿಕ್ಕಟ್ಟಿಗೆ ಸಿಲುಕಿ, 2024ರಲ್ಲಿ ಫಿಫಾ ತಾನೇ ಒಂದು ಸಮಿತಿಯನ್ನು ನೇಮಿಸಿ ಅದನ್ನು ಸರಿದಾರಿಗೆ ತರಲು ಹೊರಟಿತು. ದೇಶದ ಲೀಗ್ ನಿಂತುಹೋಯಿತು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಭಾರತದ ಎದುರು ಸೌಹಾರ್ದ ಪಂದ್ಯವಾಡಲು ಮಾಲ್ಡೀವ್ಸ್ ಬಂದಾಗ ಎಲ್ಲರ ಕಣ್ಣೂ ನಿವೃತ್ತಿಯಿಂದ ಮರಳಿದ್ದ ಛೆಟ್ರಿಯವರ ಮೇಲಿತ್ತು, ಅವರು ಗೋಲು ಹೊಡೆದರು, ಭಾರತ 3-0ಯಿಂದ ಗೆದ್ದಿತು. ಸೋತ ತಂಡದ ಆಟಗಾರರು ಎಂಥ ಸ್ಥಿತಿಯಿಂದ ಬಂದಿದ್ದರೆಂದು ಕೇಳಿದವರು ಕಡಿಮೆ. ದೇಹ ಹದವಾಗಿರಲು, ಚೆಂಡಿನ ಮೇಲೆ ಹಿಡಿತ ಉಳಿಯಲು, ಹೊಸ ಹುಡುಗ ಹಳಬನ ಜಾಗಕ್ಕೆ ಬರಲು ವಾರವಾರದ ಪಂದ್ಯಗಳು ಬೇಕು, ಅವೇ ಇಲ್ಲವಾದಾಗ ಎಂಥ ತರಬೇತುದಾರರೂ ಮಾಡುವುದು ಹೆಚ್ಚೇನೂ ಇರುವುದಿಲ್ಲ. 59 ಗೋಲುಗಳ ಪೆಟ್ಟು ತಿಂದ ಮೇಲೂ ಆ ತಂಡ ಎದ್ದು ನಿಂತದ್ದು ಮಾಲೆಯ ಲೀಗ್ ಪ್ರತಿವರ್ಷ ನಡೆಯುತ್ತಿದ್ದ ಕಾರಣದಿಂದ ಮತ್ತು ನೆರೆಯ ದೇಶಗಳ ಪಂದ್ಯಾವಳಿ ಎರಡು ಮೂರು ವರ್ಷಗಳಿಗೊಮ್ಮೆ ಬಾಗಿಲು ತೆರೆದು ಕರೆಯುತ್ತಿದ್ದ ಕಾರಣದಿಂದ. ಮಾಲೆಯ ಕ್ಲಬ್‌ಗಳು ಮತ್ತೆ ವಾರವಾರವೂ ಎದುರುಬದುರಾಗಿ ಆಡುವಂತಾಗಬೇಕು, ಅಡ್ಡುವಿನಂಥ ದೂರದ ಹವಳದ್ವೀಪಗಳ ಹುಡುಗರಿಗೂ ಆ ಆಟದಲ್ಲಿ ಪಾಲು ಸಿಗಬೇಕು ಎಂದು ಆ ತಂಡದ ಹಿತ ಬಯಸುವವನಾಗಿ ನಾನು ಹಾರೈಸುತ್ತೇನೆ.

ನಮಸ್ಕಾರ.